ನೋಡುವ ಮೊದಲಿನ ಅಗಲ

ಬಸ್ಸಿನಲ್ಲಿ ಕಿಟಕಿಯ ಪಕ್ಕದ ಸೀಟು ಸಿಕ್ಕಿದ್ದರೂ ಅವನಿಗೆ ಹೊರಗಿನದೇನೂ ಕಾಣುತ್ತಿರಲಿಲ್ಲ. ಕಾಣುತ್ತಿದ್ದದ್ದು ಊಟದ ಮೇಜಿನ ಕೆಳಗಿನ ತನ್ನ ಎಡಗೈ. ಬೆಳಿಗ್ಗೆ ತಿಂಡಿ ತಿನ್ನುತ್ತ ಮಗಳು ಶಾಲೆಯ ಸಂಗತಿ ಏನೋ ಹೇಳಲು ಹೊರಟಿದ್ದಳು. ಹೊಸ ಟೀಚರು, ಅವರ ಕಿರುಗುಟ್ಟುವ ಚಪ್ಪಲಿ, ಯಾರೋ ನಕ್ಕು ಸಿಕ್ಕಿಬಿದ್ದದ್ದು. ಅವಳ ಮಾತು ತೊದಲಿ ತಡೆದಾಗಲೆಲ್ಲ ಅವನು ಎವೆಯಿಕ್ಕದೆ ಅವಳ ತುಟಿಗಳನ್ನೇ ನೋಡುತ್ತ, ಒಂದು ತಡೆಗೆ ಒಂದು ಬೆರಳಿನಂತೆ ಮೇಜಿನ ಕೆಳಗೆ ಮಡಿಸುತ್ತ ಹೋಗಿದ್ದ. ಇದು ಇವತ್ತಿನದಲ್ಲ, ಬಹಳ ದಿನಗಳ ಅಭ್ಯಾಸ. ನಿನ್ನೆಗಿಂತ ಹೆಚ್ಚೋ ಕಡಿಮೆಯೋ ತಿಳಿಯದಿದ್ದರೆ ಅವನಿಗೆ ದಿನವೇ ಶುರುವಾಗುತ್ತಿರಲಿಲ್ಲ. ಅಷ್ಟರಲ್ಲಿ ಅವಳ ಚಮಚ ಕೆಳಗೆ ಬಿತ್ತು. ಎತ್ತಿಕೊಳ್ಳಲು ಬಗ್ಗಿದವಳು ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚೇ ಹೊತ್ತು ಮೇಜಿನ ಕೆಳಗಿದ್ದಳು. ಮೇಲೆದ್ದಾಗ ಮುಖದಲ್ಲಿ ಸಿಟ್ಟೇನೂ ಇರಲಿಲ್ಲ. “ಎ... ಎಷ್ಟಾಯ್ತು?” ಎಂದು ಕೇಳಿದಳು. “ಏನೇ ಎಷ್ಟಾಯ್ತು?” ಎಂದು ಹೆಂಡತಿ ಒಲೆಯ ಹತ್ತಿರದಿಂದಲೇ ಕೂಗಿದಳು. ಹೋಗುವಾಗ ಮಗಳು ಅಮ್ಮನಿಗೆ ಮಾತ್ರ ಕೈಬೀಸಿ ಹೋದಳು.

ಮಡಿಸಿದ ಬೆರಳುಗಳನ್ನು ಆಗ ಬಿಡಿಸುವುದಕ್ಕೂ ಆಗಿರಲಿಲ್ಲ, ಬಿಡಿಸದೆ ಇರುವುದಕ್ಕೂ ಆಗಿರಲಿಲ್ಲ. ಬಸ್ಸಿನ ಕಂಬಿ ಹಿಡಿದಾಗಲೂ ಅವು ತನ್ನವಲ್ಲ, ಯಾರದೋ ಕದ್ದ ಸಾಮಾನು ಎನ್ನಿಸಿತು. ಅವಳಿಗೆ ಎಲ್ಲಕ್ಕಿಂತ ಕಷ್ಟದ ಮಾತು ಯಾವುದು ಎಂಬುದು ಅವನಿಗೆ ಗೊತ್ತಿತ್ತು: ಅಪ್ಪ. ಹಾಲು ಕುಡಿಯುವ ಕೂಸೂ ಹೇಳುವ ಮಾತು. ಒಂಬತ್ತು ವರ್ಷದ ಅವನ ಮಗಳು ಅದನ್ನು ಹೇಳಲಾರದೆ ಹತ್ತಿರ ಬಂದು ಅಂಗಿಯ ತುದಿ ಎಳೆಯುತ್ತಿದ್ದಳು. ಅಮ್ಮ ಎನ್ನುವುದಕ್ಕೆ ತಡೆಯಿರಲಿಲ್ಲ. ಅದರಲ್ಲಿ ತುಟಿ ಮೆತ್ತಗೆ ಕೂಡುತ್ತದೆ, ಇದರಲ್ಲಿ ಗಟ್ಟಿಯಾಗಿ ಬಡಿಯುತ್ತದೆ, ಉಸಿರು ಅಲ್ಲಿ ಕಟ್ಟಿಕೊಳ್ಳುತ್ತದೆ ಎಂದು ಅವನೇ ಒಂದು ಸಿದ್ಧಾಂತ ಮಾಡಿಕೊಂಡು ಮಾತು ಕಲಿಸುವ ಮೇಡಂ ಮುಂದೆ ಹೇಳಿದ್ದ. ವಾರಕ್ಕೆ ಎಷ್ಟು ಕಡಿಮೆಯಾದರೆ ಸರಿಯಾದ ದಾರಿಯಲ್ಲಿದ್ದೇವೆ ಎಂದುಕೊಳ್ಳಬಹುದು ಎಂದೂ ಕೇಳಿದ್ದ. ಆಕೆ ಕನ್ನಡಕ ತೆಗೆದು ಒರೆಸಿಕೊಂಡು, “ನೀವು ಸ್ವಲ್ಪ ಆರಾಮಾಗಿರಿ” ಎಂದಿದ್ದರು. ಆರಾಮು ಎಂದರೆ ಎಷ್ಟು ಎಂದು ಕೇಳಬೇಕೆನ್ನಿಸಿತ್ತು. ಹೆಂಡತಿ ಮೊಣಕೈಯಿಂದ ತಿವಿದದ್ದರಿಂದ ಸುಮ್ಮನಾಗಿದ್ದ.

ಕಾರ್ಖಾನೆಯಲ್ಲಿ ಅವನ ಬೆನ್ನ ಹಿಂದಿನ ಹೆಸರು ಗೇಣಪ್ಪ. ಒಮ್ಮೆ ಕ್ಯಾಂಟೀನಿನಲ್ಲಿ ಯಾರೋ ಗೇಣುದ್ದದ ಬಾಳೆಹಣ್ಣು ಎಂದದ್ದಕ್ಕೆ ಯಾರ ಗೇಣು ಎಂದು ಕೇಳಿದ್ದ, ಅಂದಿನಿಂದ ಅಂಟಿಕೊಂಡ ಹೆಸರು ಅದು. ಅಲ್ಲಿ ತಯಾರಾಗುತ್ತಿದ್ದದ್ದು ಫೋನು, ಕಂಪ್ಯೂಟರುಗಳ ಒಳಗಿನ ಚಿಪ್ಪು. ತಟ್ಟೆಯಗಲದ, ಕನ್ನಡಿಯಂಥ ಸಿಲಿಕಾನ್ ಬಿಲ್ಲೆಗೆ ವೇಫರ್ ಎನ್ನುತ್ತಿದ್ದರು. ಅದರ ಮೇಲೆ ರೆಸಿಸ್ಟ್ ಎಂಬ ಮೆತ್ತನೆಯ ಲೇಪ ಹಚ್ಚಿ, ಮನೆಯಷ್ಟು ದೊಡ್ಡ ಬೆಳಕಿನ ಯಂತ್ರದಿಂದ ಅದರಲ್ಲಿ ಗೆರೆಗಳನ್ನು ಮೂಡಿಸುತ್ತಿದ್ದರು. ಮೂಡಿದ ಗೆರೆ ಬೇಕಾದಷ್ಟೇ ಅಗಲವಿದೆಯೇ ಎಂದು ಅಳೆದು ಹೇಳುವ ಕೋಣೆ ಅವನದು. ಅವನು ಹೂಂ ಎಂದರೆ ವೇಫರ್ ಮುಂದೆ ಹೋಗುತ್ತಿತ್ತು, ಊಹೂಂ ಎಂದರೆ ನಿಲ್ಲುತ್ತಿತ್ತು. ಈಗ ಒಂದು ತಿಂಗಳಿಂದ ಇನ್ನೊಬ್ಬರೂ ಹೇಳುತ್ತಿದ್ದರು. ಅಂದಾಜು ಮೇಡಂ ಎಂದು ಎಲ್ಲರೂ ಕರೆಯುತ್ತಿದ್ದ ಹೊಸ ತಲೆಮಾರಿನ ಹುಡುಗಿಯೊಬ್ಬಳು ಬರೆದ ಪ್ರೋಗ್ರಾಂ ಅದು. ವೇಫರನ್ನು ಕಣ್ಣೆತ್ತಿಯೂ ನೋಡದೆ, ಬೆಳಕಿನ ಯಂತ್ರದ ಬಿಸಿ, ಅದುರು, ಗಾಳಿಯ ಒತ್ತಡ ಇಂಥವನ್ನೆಲ್ಲ ಕೂಡಿ ಕಳೆದು ಗೆರೆ ಇಷ್ಟೇ ಅಗಲ ಇರುತ್ತದೆ ಎಂದು ಹೇಳಿಬಿಡುತ್ತಿತ್ತು. ಇಬ್ಬರ ಮಾತೂ ಒಂದೇ ಆಗುತ್ತಿದ್ದರೆ ಅಳೆಯುವ ಹಂತವನ್ನೇ ತೆಗೆದುಹಾಕೋಣ, ಕಾಲ ಉಳಿಯುತ್ತದೆ ಎಂದು ಎಲ್ಲರೂ ದೊಡ್ಡವರು ಎನ್ನುತ್ತಿದ್ದ ವಿಭಾಗದ ಮುಖ್ಯಸ್ಥರು ತೀರ್ಮಾನಿಸಿದ್ದರು. ತಿಂಗಳುದ್ದಕ್ಕೂ ಒಂದೇ ಆಗಿತ್ತು. ಇವತ್ತು ಪರೀಕ್ಷೆಯ ಕೊನೆಯ ದಿನ. ಸಾಯಂಕಾಲದೊಳಗೆ ಆ ಪ್ರೋಗ್ರಾಂ ಒಮ್ಮೆಯಾದರೂ ಎಡವದಿದ್ದರೆ ಅವನ ಕೋಣೆಗೆ ಬೀಗ.

ಬಿಳಿ ಉಡುಪು ತೊಟ್ಟು, ಮುಖಕ್ಕೆ ಮುಸುಕೆಳೆದುಕೊಂಡು, ಗಾಳಿಯ ಗೂಡಿನಲ್ಲಿ ಕೈಯೆತ್ತಿ ನಿಂತು ಮೈಮೇಲಿನ ಧೂಳನ್ನೆಲ್ಲ ಊದಿಸಿಕೊಳ್ಳುವಾಗ ಪ್ರತಿದಿನವೂ ಅವನಿಗೆ ತಾನು ಯಾವುದೋ ದೊಡ್ಡದರ ಹೊಸ್ತಿಲಲ್ಲಿದ್ದೇನೆ ಎನ್ನಿಸುತ್ತಿತ್ತು. ಇಷ್ಟು ವರ್ಷವಾದರೂ ಅದು ಹಳತಾಗಿರಲಿಲ್ಲ. ಒಳಗೆ ಮನುಷ್ಯರು ಕಣ್ಣಿಂದ, ನಡಿಗೆಯಿಂದ ಮಾತ್ರ ಗುರುತು. ತನ್ನ ಕೋಣೆಯಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಮುಂದೆ ಕೂತು, ಕಾಯುತ್ತಿದ್ದ ಮೊದಲ ವೇಫರನ್ನು ಒಳಗೆ ಬಿಟ್ಟುಕೊಂಡ. ಪರದೆಯ ಮೇಲೆ ಬೂದುಬಣ್ಣದಲ್ಲಿ ಗೆರೆಗಳು ಮೂಡಿದವು, ಉತ್ತ ಹೊಲವನ್ನು ಬೆಟ್ಟದ ಮೇಲಿಂದ ನೋಡಿದ ಹಾಗೆ. ಇಂಥ ಎರಡು ಸಾವಿರ ಸಾಲುಗಳನ್ನು ಒಂದು ತಲೆಕೂದಲಿನ ಅಗಲದಲ್ಲಿ ಮಲಗಿಸಬಹುದಿತ್ತು. ನಿಯಮದ ಪ್ರಕಾರ ಮೊದಲು ಪಕ್ಕದ ಜಾಗದಲ್ಲಿ ನೋಟವನ್ನು ಸ್ಪಷ್ಟವಾಗುವಂತೆ ತಿದ್ದಿಕೊಂಡು, ಆಮೇಲೆ ಅಳೆಯಬೇಕಾದ ಗೆರೆಗೆ ಜಿಗಿದು, ಕಣ್ಣು ಮಿಟುಕಿಸುವಷ್ಟರಲ್ಲಿ ಅಳೆದು ಹೊರಬರಬೇಕು. ಇವತ್ತು ಅವನು ನೇರವಾಗಿ ಆ ಗೆರೆಯ ಮೇಲೆಯೇ ಇಳಿದು ಅಲ್ಲೇ ನಿಂತುಬಿಟ್ಟ. ಎಷ್ಟಾಯ್ತು ಎಂಬ ಪ್ರಶ್ನೆ ಕಿವಿಯಲ್ಲಿತ್ತು. ಅದರಿಂದ ತಪ್ಪಿಸಿಕೊಳ್ಳಲೋ ಎಂಬಂತೆ ಗೆರೆಯ ಅಂಚನ್ನು ನೋಡಿದ. ಅಂಚು ನೇರವಾಗಿರಲಿಲ್ಲ. ತುಸು ನಡುಗಿ, ತುಸು ಒಳಗೆ ಸರಿದು, ಮತ್ತೆ ಹೊರಗೆ ಬಂದು ಸಾಗುತ್ತಿತ್ತು. ಆ ನಡುಕದ ಒಂದೊಂದು ಕೊಂಕೂ ನಾಲ್ಕೈದು ಅಣುಗಳದು. ಮನುಷ್ಯ ಬೆಳಕಿನಿಂದ ಇಂಥದನ್ನು ಬರೆಯುತ್ತಾನೆ! ಬರೆದದ್ದನ್ನು ಓದುತ್ತಾನೆ! ಈ ಬೂದು ಸಾಲುಗಳಲ್ಲೇ ನಾಳೆ ಯಾರದೋ ನಗು, ಯಾರದೋ ಬ್ಯಾಂಕಿನ ಲೆಕ್ಕ, ಯಾರದೋ ಎದೆಬಡಿತದ ನಕ್ಷೆ ಎಲ್ಲ ಓಡಾಡುತ್ತವೆ. ಬೇಕಾದಷ್ಟು ನೋಡಿದ ಮೇಲೆ ಅಳತೆಯ ಗುಂಡಿ ಒತ್ತಿದ.

ಹತ್ತೊಂಬತ್ತು ಪಾಯಿಂಟ್ ಆರು ನ್ಯಾನೋಮೀಟರ್. ಪ್ರೋಗ್ರಾಂ ಹೇಳಿದ್ದು ಇಪ್ಪತ್ತು ಪಾಯಿಂಟ್ ನಾಲ್ಕು. ಇಪ್ಪತ್ತಕ್ಕಿಂತ ಸಣ್ಣಗಿದ್ದರೆ ಗೆರೆ ಮುಂದೆಲ್ಲೋ ತುಂಡಾಗುವ ಭಯ. ಅವನಿಗೆ ಮೊದಲು ಬಂದದ್ದು ಭಯವಲ್ಲ, ಸಂತೋಷ. ಸಿಕ್ಕಿಬಿದ್ದಿತು ಎಂದುಕೊಂಡ. ಆ ಸಂತೋಷದ ನಾಚಿಕೆಯನ್ನು ಮುಚ್ಚಿಕೊಳ್ಳಲು, ಆತುರಪಡಬಾರದು, ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂದು ತನಗೇ ಹೇಳಿಕೊಂಡು ಅದೇ ಗೆರೆಯನ್ನು ಅದೇ ಜಾಗದಲ್ಲಿ ಇನ್ನೊಮ್ಮೆ ಅಳೆದ. ಇನ್ನೂ ಸಣ್ಣ. ಮತ್ತೊಮ್ಮೆ. ಮತ್ತೂ ಸಣ್ಣ. ಅಂಕಿ ಇಳಿದಷ್ಟೂ ಅವನ ಎದೆ ಉಬ್ಬುತ್ತಿತ್ತು. ಅನುಮಾನವೆಲ್ಲ ಹೋಯಿತು. ಬೆಳಕಿನ ಯಂತ್ರವನ್ನು ನಿಲ್ಲಿಸುವ ಅಧಿಕಾರ ಅವನ ಕೋಣೆಗಿತ್ತು, ನಿಲ್ಲಿಸಿದ. ಗೋಡೆಯಾಚೆ ಸದಾ ಇರುತ್ತಿದ್ದ ಗುಂಯ್ಗುಡುವಿಕೆ ತಟ್ಟನೆ ನಿಂತಾಗ ಅದು ಇಷ್ಟು ಹೊತ್ತೂ ಇತ್ತು ಎಂಬುದೇ ಎಲ್ಲರಿಗೂ ಆಗ ಗೊತ್ತಾದಂತಾಯಿತು. ಓಣಿಯಲ್ಲಿ ಬಿಳಿ ಉಡುಪುಗಳು ನಿಂತಲ್ಲೇ ನಿಂತು ಒಂದನ್ನೊಂದು ನೋಡಿಕೊಂಡವು.

ಸಭೆಯ ಕೋಣೆಯಲ್ಲಿ ದೊಡ್ಡವರು ಮುಸುಕು ಕಳಚಿ ಕೆಂಪಗಾಗಿ ಕೂತಿದ್ದರು. ಆ ಯಂತ್ರ ಒಂದು ಗಳಿಗೆ ನಿಂತರೂ ಅವರಿಗೆ ಮೇಲಿನಿಂದ ಫೋನು ಬರುತ್ತಿತ್ತು. ಅಂದಾಜು ಮೇಡಂ ಮೂಲೆಯಲ್ಲಿ ಕುರ್ಚಿಯ ತುದಿಯಲ್ಲಿ ಕೂತಿದ್ದಳು. ಅವನು ನಿಂತುಕೊಂಡೇ, ಸ್ವಲ್ಪ ಹೆಚ್ಚೇ ಶಾಂತವಾದ ದನಿಯಲ್ಲಿ ಹೇಳಿದ. “ಮೂರು ಸಲ ನೋಡಿದೀನಿ. ಮೂರು ಸಲಾನೂ ಕಡಿಮೆ. ನೋಡ್ತಾ ನೋಡ್ತಾ ಕಡಿಮೆ ಆಗ್ತಾ ಇದೆ. ಅಂಗೈ ಹುಣ್ಣಿಗೆ ಕನ್ನಡಿ ಬೇಕಾ?”

“ಮೂರೂ ಬೇರೆ ಬೇರೆ ಜಾಗದಲ್ಲಿ ತಾನೆ ಸರ್?” ಎಂದು ಅಂದಾಜು ಮೇಡಂ ಕೇಳಿದಳು. ಅವಳ ದನಿಯಲ್ಲಿ ಕೊಂಕಿರಲಿಲ್ಲ. ಅವನು ಹೌದು ಎನ್ನಲಿ ಎಂದೇ ಅವಳು ಕೇಳಿದಂತಿತ್ತು.

ಅವನು ಬಾಯಿ ತೆರೆದ. ಮಾತು ಬರಲಿಲ್ಲ. ನಾಲಿಗೆಯ ತುದಿಯಲ್ಲಿ ಅ ಎಂಬುದು ನಿಂತಿತ್ತು, ಅದೇ ಜಾಗ ಎನ್ನುವುದರ ಮೊದಲ ಅಕ್ಷರ. ಅದು ಮುಂದೆ ಸರಿಯಲೊಲ್ಲದು. ಕೋಣೆಯಲ್ಲಿದ್ದವರೆಲ್ಲ ಅವನ ತುಟಿಗಳನ್ನೇ ನೋಡುತ್ತಿದ್ದರು. ಹೀಗಿರುತ್ತದಲ್ಲವೇ, ಎಂದು ಅವನಿಗೆ ಹೊಳೆಯಿತು. ಇದೇ ಅದು, ಅವಳಿಗೆ ದಿನಾ ಬೆಳಿಗ್ಗೆ ಆಗುವುದು. ಅದರ ಜೊತೆಗೇ ಮಿಕ್ಕದ್ದೂ ಹೊಳೆದು ಕಿವಿಯವರೆಗೆ ಬಿಸಿಯಾಯಿತು. ಹೊಸಬರು ಅವನ ಕೋಣೆಗೆ ಕಲಿಯಲು ಬಂದಾಗ ಮೊದಲ ದಿನ ಹೇಳುತ್ತಿದ್ದ ಮೊದಲ ಪಾಠವೇ ಇದು: ರೆಸಿಸ್ಟ್ ಮೆತ್ತಗಿನ ವಸ್ತು, ನಾವು ನೋಡುವ ಎಲೆಕ್ಟ್ರಾನ್ ಕಿರಣ ತಾಗಿದರೆ ಅದು ಮುದುಡುತ್ತದೆ, ಒಂದು ಜಾಗವನ್ನು ಒಂದೇ ಸಲ ನೋಡಿ. ಈ ಹುಡುಗಿಗೂ ಅವನೇ ಹೇಳಿದ್ದ. ಸಣ್ಣವನಿದ್ದಾಗ ಅನ್ನ ಬೆಂದಿತೋ ಎಂದು ಪಾತ್ರೆಯ ಮುಚ್ಚಳ ತೆಗೆದು ತೆಗೆದು ನೋಡುತ್ತಿದ್ದವನ ಕೈಮೇಲೆ ಅಮ್ಮ ಸೌಟಿನಿಂದ ಕುಟ್ಟಿ, “ನೀನು ನೋಡ್ತಾ ಇದ್ರೆ ಅದು ಬೇಯಲ್ಲ ಕಣೋ” ಎನ್ನುತ್ತಿದ್ದಳು ಎಂಬ ಕಥೆಯನ್ನೂ ಸೇರಿಸಿ ನಗಿಸಿದ್ದ. ಹೇಳೋದು ಪುರಾಣ, ತಿನ್ನೋದು ಬದನೆಕಾಯಿ.

“ಒಂದೇ ಜಾಗ” ಎಂದ ಕೊನೆಗೆ. ಅ ಬಿಟ್ಟು ಒ ಹಿಡಿದದ್ದರಿಂದ ಮಾತು ಹೊರಬಂತು. ಮಗಳೂ ಹೀಗೆ ದಾರಿ ಬದಲಿಸುತ್ತಿದ್ದಳು ಎಂದು ನೆನಪಾಯಿತು. ಅದನ್ನೂ ಅವನು ಬೆರಳಲ್ಲಿ ಲೆಕ್ಕ ಹಾಕುತ್ತಿದ್ದ.

ದೊಡ್ಡವರು ಒಂದು ಕ್ಷಣ ಅವನನ್ನೇ ನೋಡಿ ಕುರ್ಚಿಗೆ ಒರಗಿ ನಕ್ಕುಬಿಟ್ಟರು. “ನಿಮ್ಮ ದೃಷ್ಟಿನೇ ತಾಗ್ತು ಅನ್ನಿ. ಸಾರ್, ನಾನು ಇಷ್ಟು ವರ್ಷ ನಿಮ್ಮ ಮಾತಿನ ಮೇಲೆ ಕೋಟಿಗಟ್ಟಲೆ ಮಾಲು ನಿಲ್ಲಿಸಿದೀನಿ.” ಉಳಿದವರೂ ನಕ್ಕರು, ಬಾಗಿಲ ಬಳಿ ನಿಂತವನೊಬ್ಬ ಗೇಣಪ್ಪ ಎಂದದ್ದು ಸ್ಪಷ್ಟವಾಗಿ ಕೇಳಿಸಿತು. ಅಂದಾಜು ಮೇಡಂ ಮಾತ್ರ ನಗಲಿಲ್ಲ. ಅವಳು ಎದ್ದುಹೋಗಿ ಬಿಳಿ ಹಲಗೆಯ ಮೇಲೆ ಅವನ ಮೂರು ಅಂಕಿಗಳನ್ನು ಮೂರು ಚುಕ್ಕೆಗಳಾಗಿ ಇಟ್ಟಿದ್ದಳು, ಒಂದಕ್ಕಿಂತ ಒಂದು ಕೆಳಗೆ. ಆಮೇಲೆ ಅವನ್ನು ಕೂಡಿಸುವ ಬಾಗುಗೆರೆಯನ್ನು ಹಿಂದಕ್ಕೆ, ಮೊದಲ ಚುಕ್ಕೆಗಿಂತಲೂ ಹಿಂದಕ್ಕೆ ಎಳೆಯುತ್ತ ಹೋದಳು. ಗೆರೆ ಮೇಲಕ್ಕೆ ಏರಿ ಏರಿ ಅವಳ ಪ್ರೋಗ್ರಾಂ ಹೇಳಿದ್ದ ಅಂಕಿಯ ಹತ್ತಿರ ಬಂತು. ಅಲ್ಲಿ ಒಂದು ಖಾಲಿ ಸೊನ್ನೆ ಬರೆದಳು.

“ಇಲ್ಲಿ ಇನ್ನೊಂದು ನೋಟ ಇದೆ ಸರ್. ನಿಮ್ಮ ಮೊದಲನೇದು ಮೊದಲನೇದಲ್ಲ. ಗುಂಡಿ ಒತ್ತೋಕೆ ಮುಂಚೆ ಅಲ್ಲೇ ಸುಮಾರು ಹೊತ್ತು ನಿಂತಿದ್ರಾ?”

“ನಿಂತಿದ್ದೆ.”

“ನೋಟ ತಿದ್ದಿಕೊಳ್ಳೋಕಾ?”

“ಅಲ್ಲ. ನೋಡ್ತಾ ಇದ್ದೆ.”

“ಏನನ್ನ?”

ಸುಳ್ಳು ಹೇಳಲು ಒಂದು ಒಳ್ಳೆಯ ತಾಂತ್ರಿಕ ಕಾರಣ ಸಿದ್ಧವಾಗಿತ್ತು. ಅವನು ಅದನ್ನು ಹೇಳಲಿಲ್ಲ. “ಚೆನ್ನಾಗಿತ್ತು,” ಎಂದ. “ಅದಕ್ಕೆ ನೋಡ್ತಾ ಇದ್ದೆ.”

ಈ ಸಲ ಯಾರೂ ನಗಲಿಲ್ಲ. ದೊಡ್ಡವರು ಫೋನನ್ನು ಮಗುಚಿ ಮೇಜಿನ ಮೇಲಿಟ್ಟರು. “ಆಯ್ತು. ಯಾರೂ ನೋಡದೆ ಇರೋ ಜಾಗ ಇದೆ ತಾನೆ? ಹೋಗಿ, ಇಬ್ಬರೂ ಒಟ್ಟಿಗೆ ನೋಡಿ. ಒಂದೇ ಸಲ.”

ಅದೇ ವೇಫರಿನ ಮೇಲೆ ಕಿರಣ ಇನ್ನೂ ಮುಟ್ಟದ ಒಂದು ಜಾಗವನ್ನು ಆರಿಸಬೇಕಿತ್ತು. ಅಂದಾಜು ಮೇಡಂ ಅವನ ಪಕ್ಕದಲ್ಲಿ ಕೈಕಟ್ಟಿ ನಿಂತು, “ಎಲ್ಲಿ ಅಂತ ನೀವೇ ಹೇಳಿ ಸರ್. ಆ ಪ್ರೋಗ್ರಾಂಗೆ ಕಲಿಸಿದ್ದೆಲ್ಲ ನೀವು ನೋಡಿಟ್ಟ ಅಳತೆಗಳನ್ನೇ. ನೋಡದೆ ಹೇಳೋದು ಅದರ ಹೆಚ್ಚುಗಾರಿಕೆ ಏನಲ್ಲ” ಎಂದಳು. ಸಮಾಧಾನದ ಮಾತೋ ಎಂದು ಅವಳ ಕಣ್ಣು ನೋಡಿದ. ಮುಸುಕಿನ ಮೇಲಿನ ಕಣ್ಣುಗಳಲ್ಲಿ ಸಮಾಧಾನ ಮಾಡುವ ಪುರುಸೊತ್ತು ಕಾಣಲಿಲ್ಲ, ಅಲ್ಲಿದ್ದದ್ದು ಕುತೂಹಲ. ಬೆಳಕು ಬಾಗಿ ಬೀಳುವ ಅಂಚಿನ ಕಡೆ, ಯಂತ್ರ ತಪ್ಪಿದರೆ ಮೊದಲು ಅಲ್ಲಿಯೇ ತಪ್ಪುವುದು ಎಂದು ಅವನಿಗೆ ಅನುಭವದಿಂದ ಗೊತ್ತಿದ್ದ ಒಂದು ಜಾಗವನ್ನು ಹೇಳಿದ. ಪಕ್ಕದಲ್ಲಿ ನೋಟ ತಿದ್ದಿಕೊಂಡ. ಆಮೇಲೆ, ಇಷ್ಟು ವರ್ಷಗಳಲ್ಲಿ ಮೊದಲ ಸಲ, ಗುಂಡಿಯ ಮೇಲಿಟ್ಟ ಬೆರಳನ್ನು ಒತ್ತದೆ ತಡೆದ. ಆ ಗೆರೆ ಅಲ್ಲಿತ್ತು. ಯಾರೂ ನೋಡದೆ ಕತ್ತಲಲ್ಲಿ ತನ್ನ ಪಾಡಿಗೆ ತಾನು ಪೂರ್ತಿ ಅಗಲವಾಗಿ ಇತ್ತು. ಒಂದು ಸಲ ನೋಡಿದರೂ ಅಷ್ಟು ಮಟ್ಟಿಗೆ ಸವೆಯುತ್ತದೆ. ಆ ಪೂರ್ತಿ ಅಗಲವನ್ನು ಯಾರೂ ಯಾವತ್ತೂ ಕಂಡಿಲ್ಲ, ಕಾಣುವುದೂ ಇಲ್ಲ. ಹಿಂದಕ್ಕೆ ಎಳೆದ ಒಂದು ಗೆರೆಯ ತುದಿಯಲ್ಲಿ ಅದು ಇದೆ ಎಂದು ನಂಬಬೇಕು, ಅಷ್ಟೆ. ತಾನು ಇಷ್ಟು ಕಾಲ ಅಳೆದದ್ದೆಲ್ಲ ತನ್ನ ಕಣ್ಣು ತಿಂದು ಉಳಿಸಿದ್ದನ್ನು. ಅದು ಸೋಲು ಎನ್ನಿಸಬೇಕಿತ್ತು, ಅನ್ನಿಸಲಿಲ್ಲ. ದೊಡ್ಡ ನದಿಯ ದಡಕ್ಕೆ ಬಂದು ನಿಂತವನಂತೆ ಸುಮ್ಮನಾದ. ಗುಂಡಿ ಒತ್ತಿದ. ನೋಟ ಬಂತು, ಹೋಯಿತು. ಇಪ್ಪತ್ತು ಪಾಯಿಂಟ್ ನಾಲ್ಕು.

“ಅಯ್ಯೋ ದೇವರೇ!” ಎಂದದ್ದು ಅಂದಾಜು ಮೇಡಂ. ತನ್ನ ಲೆಕ್ಕವೇ ನಿಜವಾದದ್ದನ್ನು ಕಂಡು ಅವಳು ಹೆದರಿದಂತಿತ್ತು. ಆಮೇಲೆ ಮೆಲ್ಲಗೆ ಕೇಳಿದಳು. “ಸರ್, ನೀವು ಅಷ್ಟು ಹೊತ್ತು ನೋಡಿದ್ರಲ್ಲ, ಆ ಗೆರೆ. ಅದು ಹೇಗಿದ್ರೂ ಹಾಳಾಗಿದೆ. ನಂಗೂ ಒಂದ್ಸಲ ತೋರಿಸ್ತೀರಾ? ಸುಮ್ನೆ ನೋಡೋಕೆ ನಂಗೆ ಇದುವರೆಗೂ ಬಿಡುವೇ ಸಿಕ್ಕಿಲ್ಲ.” ಅವನು ಅದನ್ನು ತೆರೆದಿಟ್ಟ. ಇಬ್ಬರೂ ಆ ನಡುಗುವ ಅಂಚನ್ನು ನೋಡುತ್ತ ಕೂತರು. ಗೋಡೆಯಾಚೆ ಬೆಳಕಿನ ಯಂತ್ರ ಮತ್ತೆ ಗುಂಯ್ಗುಡಲು ಶುರುಮಾಡಿತು.

ಪ್ರೋಗ್ರಾಂ ಎಡವಿರಲಿಲ್ಲ, ಆದರೂ ಅದಕ್ಕೆ ಕಲಿಸಲು ಅವನ ಅಳತೆ ಬೇಕೇ ಇದ್ದುದರಿಂದ ಕೋಣೆಗೆ ಬೀಗ ಬೀಳಲಿಲ್ಲ. ಪ್ರತಿ ಸಲ ಅಳೆಯುವುದು ಇನ್ನು ಮುಂದೆ ಇಲ್ಲ ಎಂದರು ದೊಡ್ಡವರು. ಎಲ್ಲಿ ನೋಡಬೇಕು, ಯಾವಾಗ ನೋಡಬೇಕು, ಮುಖ್ಯವಾಗಿ ಎಲ್ಲಿ ನೋಡಬಾರದು ಎಂಬುದನ್ನು ಇಬ್ಬರೂ ಕೂತು ತೀರ್ಮಾನಿಸಿ. “ಒಬ್ಬರು ನೋಡದೆ ಹೇಳೋರು, ಒಬ್ಬರು ನೋಡಿ ಕೆಡಿಸೋರು. ಒಳ್ಳೆ ಜೋಡಿ!” ಎಂದು ಹಂಗಿಸಿಯೇ ಬೀಳ್ಕೊಟ್ಟರು. ಅವನಿಗೆ ಬೇಸರವಾಯಿತು. ಬೇಸರದ ಅಡಿಯಲ್ಲಿ ಬೆಳಗಿನ ಆ ಬೆರಗು ಇನ್ನೂ ಹಾಗೆಯೇ ಇತ್ತು. ಮರಳಿ ಬರುವ ಬಸ್ಸಿನಲ್ಲಿ ಎದುರು ಸೀಟಿನ ಮುದುಕಿಯೊಬ್ಬಳು ಕಿಟಕಿಗೆ ತಲೆಯಾನಿಸಿ ತನ್ನಷ್ಟಕ್ಕೆ ಏನೋ ಗುನುಗುತ್ತಿದ್ದಳು. ಅವನು ನೋಡಿದ್ದೇ ತಡ, ಗುನುಗು ನಿಂತಿತು. ಅವನು ಕಣ್ಣು ಹೊರಳಿಸಿದ. ಎರಡು ನಿಲ್ದಾಣ ದಾಟಿದ ಮೇಲೆ ಅದು ಮತ್ತೆ ಶುರುವಾಯಿತು. ಹೊರಗೆ ಅಂಗಡಿಗಳ ದೀಪಗಳು ಒಂದೊಂದಾಗಿ ಹತ್ತಿಕೊಳ್ಳುತ್ತಿದ್ದವು. ಇಷ್ಟೆಲ್ಲ ಜನ, ಯಾರೂ ನೋಡದಾಗ ಎಷ್ಟು ಅಗಲವಿರುತ್ತಾರೋ ಎಂದುಕೊಂಡ.

ಮನೆಯ ಬಾಗಿಲು ಓರೆಯಾಗಿತ್ತು. ಒಳಗೆ ಕಾಲಿಟ್ಟಾಗ ಹೆಂಡತಿ ಬಟ್ಟೆ ಮಡಿಸುತ್ತಿದ್ದಳು. ಮುಚ್ಚಿದ ಬಚ್ಚಲಬಾಗಿಲ ಹಿಂದೆ ನೀರು ಸುರಿಯುತ್ತಿತ್ತು, ನೀರಿನ ಜೊತೆಗೆ ಒಂದು ದನಿ. ಅವನು ಶೂ ಕಳಚಲು ಬಗ್ಗಿದವನು ಹಾಗೇ ನಿಂತ. ಹೊಸ ಟೀಚರು, ಕಿರುಗುಟ್ಟುವ ಚಪ್ಪಲಿ, ಅವರು ಬರುವುದು ಓಣಿಯ ಆ ತುದಿಯಿಂದಲೇ ಎಲ್ಲರಿಗೂ ಗೊತ್ತಾಗುವುದು, ಗೊತ್ತಾಗಿಯೂ ಯಾರೋ ನಕ್ಕು ಸಿಕ್ಕಿಬಿದ್ದದ್ದು. ಬೆಳಿಗ್ಗೆ ತುಂಡು ತುಂಡಾಗಿ ಅರ್ಧಕ್ಕೆ ನಿಂತ ಕಥೆ ಈಗ ಯಾರಿಗೋ, ಬಕೆಟ್ಟಿಗೋ ಗೋಡೆಗೋ, ಒಂದೇ ಉಸಿರಿನಲ್ಲಿ ಹರಿಯುತ್ತಿತ್ತು. ಅಲ್ಲಲ್ಲಿ ತಡೆಯೂ ಇತ್ತು. ತಡೆದಲ್ಲಿ ಅವಳು ಮತ್ತೆ ಹಿಡಿದುಕೊಂಡು, ನಗುತ್ತ, ಟೀಚರ ದನಿಯನ್ನು ಅಣಕಿಸುತ್ತ ಮುಂದೆ ಹೋಗುತ್ತಿದ್ದಳು. ಮಗಳಿಗೆ ಇಂಥ ದನಿಯಿದೆ ಎಂದು ಅವನಿಗೆ ಗೊತ್ತಿರಲಿಲ್ಲ.

ಬಾಗಿಲತ್ತ ಒಂದು ಹೆಜ್ಜೆ ಇಟ್ಟವನು ನಿಂತುಬಿಟ್ಟ. “ಏನ್ರೀ, ಏನ್ ನೋಡ್ತಾ ನಿಂತ್ರಿ?” ಎಂದು ಹೆಂಡತಿ ಪಿಸುಗುಟ್ಟಿದಳು. “ಏನೂ ನೋಡ್ತಿಲ್ಲ ಕಣೇ” ಎಂದ.

ನೀರು ನಿಂತಿತು. “ಅಮ್ಮಾ, ಅಪ್ಪ ಬಂದ್ನಾ?”

ಇಡಿಯಾಗಿ, ಯಾವ ಬಿರುಕೂ ಇಲ್ಲದೆ ಬಂತು ಆ ಮಾತು. ಅಪ್ಪ. ಒಂಬತ್ತು ವರ್ಷಗಳಲ್ಲಿ ಅದನ್ನು ಅವನು ಕೇಳಿರಲೇ ಇಲ್ಲ. ಹೆಂಡತಿಯ ಮುಖದಲ್ಲಿ ಅಚ್ಚರಿಯೇ ಇರಲಿಲ್ಲ, ಅವನಿಲ್ಲದಾಗ ಅದು ಈ ಮನೆಯಲ್ಲಿ ದಿನವೂ ಓಡಾಡಿಕೊಂಡಿತ್ತು. ಹೆಂಡತಿ ಉತ್ತರಕ್ಕೆ ಬಾಯಿ ತೆರೆದಳು. ಅವನು ತಲೆಯಾಡಿಸಿ ಕೈಮುಗಿದುಬಿಟ್ಟ, ಇಲ್ಲ ಅನ್ನು ಎಂದು. ಅವಳು ಅವನ ಮುಖ ನೋಡಿದಳು, ಕೈಯಲ್ಲಿದ್ದ ಬಟ್ಟೆಯನ್ನು ಕೆಳಗಿಟ್ಟಳು. “ಇನ್ನೂ ಇಲ್ಲ ಪುಟ್ಟಿ. ಯಾಕೆ?”

“ಅಪ್ಪ ಬಂದ್ಮೇಲೆ ಹೇಳು. ಅಪ್ಪಂಗೆ ಚಪ್ಪಲಿ ಕಥೆ ಪೂರ್ತಿ ಹೇಳ್ಬೇಕು.”

ಅವನು ಬೆಕ್ಕಿನಂತೆ ಹೊರಗೆ ಹೋಗಿ, ಬಾಗಿಲನ್ನು ಜೋರಾಗಿ ತಳ್ಳಿ, ಕೆಮ್ಮುತ್ತ ಮತ್ತೆ ಒಳಗೆ ಬಂದ. ಶೂ ಇಡುವ ಗೂಡಿನ ಮುಂದಿನ ಮಣೆಯ ಮೇಲೆ, ಒಳಗಡೆಗೆ ಬೆನ್ನು ಹಾಕಿ ಕೂತ. ಒದ್ದೆ ಪಾದಗಳು ಬಂದು ಹಿಂದೆ ನಿಂತವು. ಅಂಗಿಯ ತುದಿಯನ್ನು ಯಾರೂ ಎಳೆಯಲಿಲ್ಲ. “ಅ...” ಎಂದು ಕೇಳಿ ನಿಂತುಹೋಯಿತು. ತಿರುಗಬೇಕೆಂದು ಅವನ ಕತ್ತೆಲ್ಲ ಸೆಳೆಯುತ್ತಿತ್ತು. ಅವನು ಎರಡೂ ಕೈಗಳಿಂದ ಲೇಸನ್ನು ಹಿಡಿದುಕೊಂಡ. “ಅ... ಅ...” ಎಷ್ಟನೆಯದೋ ಅವನಿಗೆ ತಿಳಿಯಲಿಲ್ಲ, ಬೆರಳುಗಳಿಗೆ ಕೆಲಸವಿತ್ತು. ಗಂಟು ಬಿಚ್ಚಿಕೊಂಡಿತು. ಅವನು ಅದನ್ನು ಮತ್ತೆ ಗಂಟು ಹಾಕಿ ಮತ್ತೆ ಬಿಚ್ಚತೊಡಗಿದ.

“ಅಪ್ಪಾ,” ಎಂದಳು ಮಗಳು, “ಆ ಟೀಚರ್ ಚಪ್ಪಲಿ ಇದೆಯಲ್ಲ...”

“ಹೂಂ,” ಎಂದ ಅವನು ಲೇಸಿಗೆ, “ಹೇಳು.”